ಇಳಿಯುವಾಗ ಜೋಪಾನ

ಬ್ರಹ್ಮಾವರದಿಂದ ಪೇತ್ರಿ, ಕೊಕ್ಕರ್ಣೆ, ಹೆಬ್ರಿ ದಾಟಿ ಆಗುಂಬೆಗೆ ಸೈಕಲ್ ತುಳಿಯುವವರೇ, ಹತ್ತುವಾಗ ನಿಮಗೆ ಯಾರೂ ಬುದ್ಧಿ ಹೇಳಬೇಕಿಲ್ಲ, ಏದುಸಿರೇ ಹೇಳುತ್ತದೆ. ಎಡವಟ್ಟಾಗುವುದು ಇಳಿಯುವಾಗ. ಸೋಮೇಶ್ವರದವರೆಗಿನ 14 ಹೇರ್‌ಪಿನ್ ತಿರುವುಗಳಲ್ಲೂ ಬ್ರೇಕ್ ಒತ್ತಿಯೇ ಇಟ್ಟರೆ, ರಿಮ್‌ಗೆ ಉಜ್ಜುವ ಬ್ರೇಕಾದರೆ, ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ತಗ್ಗಿಸಿ, ಆಮೇಲೆ ಕೈ ಸಡಿಲಿಸಿ. ತಿರುವಿನ ಹೊರಬದಿಯ ಪೆಡಲ್ ಕೆಳಗಿರಲಿ. ಮಳೆಗಾಲದಲ್ಲಂತೂ ರಸ್ತೆಯಂಚಿನ ಪಾಚಿ, ಕೊಳೆತ ಎಲೆ ಜಾರುತ್ತವೆ. ಒದ್ದೆ ರಿಮ್‌ಗೆ ಬ್ರೇಕ್ ಹಿಡಿಯುವುದೂ ತಡ. ಎದುರಿನ ಬಸ್ಸಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕು. ಹಟ ಬೇಡ ಮಾರಾಯ್ರೆ, ಬದಿಗೆ ನಿಂತುಬಿಡಿ. ಮಂಗಗಳಿಗೆ ಬಿಸ್ಕತ್ತು ತೋರಿಸಲೇಬೇಡಿ. ಮತ್ತೆ, ಸವೆದ ಬ್ರೇಕ್ ರಬ್ಬರನ್ನು ಮನೆಯಲ್ಲೇ ಬದಲಿಸಿಕೊಂಡು ಹೊರಡಿ.