ಓಮನ ನಿಯಮ

ಜರ್ಮನಿಯ ಕೊಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಸೈಮನ್ ಓಮನು ತಾನೇ ಸಿದ್ಧಪಡಿಸಿಕೊಂಡ ಉಪಕರಣಗಳಿಂದ ಪ್ರಯೋಗಗಳನ್ನು ನಡೆಸಿ, 1827ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ವಾಹಕದ ತಾಪವು ಬದಲಾಗದಿರುವಾಗ, ಅದರಲ್ಲಿ ಹರಿಯುವ ವಿದ್ಯುತ್ಪ್ರವಾಹವು ಅದರ ತುದಿಗಳ ನಡುವಣ ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ ಎಂಬುದೇ ಅವನ ನಿಯಮ. ಸ್ವದೇಶದಲ್ಲಿ ಮೊದಲು ಅದಕ್ಕೆ ಆದರ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲೆ ಪದಕವನ್ನಿತ್ತು ಅವನನ್ನು ಗೌರವಿಸಿತು. ಇಂದು ರೋಧದ ಮಾನಕ್ಕೆ ಅವನ ಹೆಸರೇ ನಿಂತಿದೆ.

ಈ ನಿಯಮವನ್ನು ನಮ್ಮ ಮನೆಯಲ್ಲಿಯೇ ಪರೀಕ್ಷಿಸೋಣ. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಕಾದ ಇಸ್ತ್ರಿಪೆಟ್ಟಿಗೆಯೊಂದು 4 ಆಂಪೇರ್ ಪ್ರವಾಹವನ್ನು ಸೆಳೆಯುತ್ತಿದೆ ಎನ್ನೋಣ. ವೋಲ್ಟನ್ನು ಆಂಪೇರಿನಿಂದ ಭಾಗಿಸಿದರೆ ರೋಧವು ದೊರೆಯುತ್ತದೆ: 57.5 ಓಮ್. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯವು ದೊರೆಯುತ್ತದೆ: 920 ವಾಟ್.

ಅದೇ ತಂತಿಗೆ 8 ಆಂಪೇರ್ ಸೆಳೆಯುವ ನೀರಿನ ಹೀಟರನ್ನೂ ಸೇರಿಸಿದರೆ ಒಟ್ಟು ಪ್ರವಾಹವು 12 ಆಂಪೇರ್, ಅಂದರೆ ಮೊದಲಿನ ಮೂರರಷ್ಟು. ಆದರೆ ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ಒಂಬತ್ತರಷ್ಟಾಗುತ್ತದೆ! ಆಗ 5 ಆಂಪೇರಿನ ಫ್ಯೂಸ್ ತಂತಿಯು ತಾನು ಕರಗಿ ಮನೆಯನ್ನು ಕಾಯುತ್ತದೆ. ಅದು ಪದೇ ಪದೇ ಕರಗುವುದೆಂದು ಬೇಸತ್ತು, ಕೆಲವರು ದಪ್ಪ ತಾಮ್ರದ ತಂತಿಯನ್ನು ಕಟ್ಟುವರು. ಆಮೇಲೆ ಕರಗುವುದು ಫ್ಯೂಸಲ್ಲ, ಗೋಡೆಯೊಳಗಿನ ತಂತಿಯ ಹೊದಿಕೆ.

ಮಕ್ಕಳೇ, ಪರೀಕ್ಷೆಯಲ್ಲಿ ಈ ಲೆಕ್ಕ ತಪ್ಪಿದರೆ ಎರಡು ಅಂಕ ಹೋದಾವು. ಮನೆಯಲ್ಲಿ ತಪ್ಪಿದರೆ ಮನೆಯೇ ಹೋದೀತು.