ಕೆಟ್ಟ ಹಾಡು ಎಂದರೆ ಯಾವುದು?

ಯಾರಾದರೂ ಹಾಡಿದರೆ "ಥೂ, ಕೆಟ್ಟದಾಗಿದೆ" ಅಂತ ನಾವು ಬೇಗ ಹೇಳಿಬಿಡುತ್ತೇವೆ. ಯಾಕೆ ಕೆಟ್ಟದ್ದು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅದಕ್ಕೇ ಈ ಲೇಖನ ಬರೆದಿದ್ದೇನೆ.

ಮೊದಲನೆಯದು ಅಪಸ್ವರ. ಹಾಡಿಗೆ ಆಧಾರವಾದ ಸ್ವರಕ್ಕೆ ಶ್ರುತಿ ಎನ್ನುತ್ತಾರೆ. ಭಜನೆಯಲ್ಲಿ ಹಾರ್ಮೋನಿಯಂ, ಕಛೇರಿಯಲ್ಲಿ ತಂಬೂರಿ ಶ್ರುತಿ ಕೊಡುತ್ತದೆ. ಶಬ್ದವೆಂದರೆ ಕಂಪನ. ಒಂದು ತಂತಿ ಸೆಕೆಂಡಿಗೆ 240 ಸಲ, ಇನ್ನೊಂದು 244 ಸಲ ಕಂಪಿಸಿದರೆ ಎರಡೂ ಸೇರಿದ ಶಬ್ದ ಸೆಕೆಂಡಿಗೆ 4 ಸಲ ಏರಿ ಇಳಿಯುತ್ತದೆ. ಕಿವಿಗೆ ವಂಯ್ ವಂಯ್ ಅಂತ ಕೇಳಿಸುತ್ತದೆ. ತಂಬೂರಿಯವರು ಬಿರಡೆ ತಿರುಗಿಸಿ, ತಂತಿಯ ಮಣಿ ಸರಿಸಿ ಈ ಅಲುಗಾಟ ನಿಲ್ಲಿಸುತ್ತಾರೆ.

ಎರಡನೆಯದು ತಾಳ ತಪ್ಪುವುದು. ಆದಿತಾಳಕ್ಕೆ 8 ಅಕ್ಷರ. ಏಳಕ್ಕೇ ಮುಂದಕ್ಕೆ ಓಡಿದರೆ ಕೆಟ್ಟಿತು. ನಮ್ಮ ಬೆಳಗಿನ ಪ್ರಾರ್ಥನೆಯಲ್ಲಿ ದಿನಾ ಆಗುವುದು ಇದೇ, ಹೆಚ್ಚು ಹೇಳುವುದಿಲ್ಲ.

ಇವೆರಡೂ ತಪ್ಪು ಹೌದು, ಪಾಪ ಅಲ್ಲ. ನಮ್ಮೂರ ಭಜನೆಗೆ ಒಬ್ಬ ಅಜ್ಜ ಬರುತ್ತಾರೆ. ಹಲ್ಲಿಲ್ಲ, ಸ್ವರ ಎಲ್ಲೆಲ್ಲಿಗೋ ಹೋಗುತ್ತದೆ. ಆದರೂ ಅವರು ಒಂದು ಶನಿವಾರ ಬರದಿದ್ದರೆ "ಅಜ್ಜ ಯಾಕೆ ಬಂದಿಲ್ಲ?" ಅಂತ ಎಲ್ಲರೂ ಕೇಳುತ್ತಾರೆ.

ಇನ್ನೊಂದು ಬಗೆ ಇದೆ. ಹಾಡು ಚೆನ್ನಾಗಿರುತ್ತದೆ, ಮಾಡುವ ಕೆಲಸ ಕೆಟ್ಟದ್ದು. ದೇವರ ಹಾಡೇ ಆದರೂ ನಡುರಾತ್ರಿ ಮೈಕಿನಲ್ಲಿ ಹಾಕಿದರೆ ಕಾಯಿಲೆಯವರ ಗತಿ ಏನು? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಕ್ಕೆ ಮಾತ್ರ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ಬಿಡಬಹುದು. ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬಲ್. ನಾವು ಎದುರುಬದುರು ಮಾತಾಡುವುದೇ ಸುಮಾರು 60 ಆಗುತ್ತದೆ!

ಮೈಕಿಲ್ಲದೆಯೂ ಕೆಟ್ಟ ಹಾಡು ಆಗುತ್ತದೆ. ಹೋದ ವರ್ಷ ನಾವು ಕೆಲವರು ಒಂದು ಸಿನಿಮಾ ಹಾಡಿನ ಧಾಟಿಗೆ, ಉಗ್ಗಿ ಮಾತಾಡುವ ಗೆಳೆಯನ ಮೇಲೆ ಹಾಡು ಕಟ್ಟಿದೆವು. (ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ.) ಶ್ರುತಿ ಸರಿ ಇತ್ತು. ಡೆಸ್ಕು ಬಡಿದ ತಾಳವೂ ಸರಿ ಇತ್ತು. ಎಲ್ಲರಿಗಿಂತ ಜೋರಾಗಿ ಹಾಡಿದವನು ನಾನೇ. ಎಲ್ಲರೂ ನಕ್ಕರು. ಅವನು ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಉಗ್ಗುವವರು ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲವಂತೆ, ಮೇಷ್ಟ್ರು ಆಮೇಲೆ ಹೇಳಿದರು. ನಿಜ, ಪ್ರಾರ್ಥನೆಯಲ್ಲಿ ಅವನದು ಎಲ್ಲರಿಗಿಂತ ಸರಾಗವಾದ ಧ್ವನಿ. ಐದನೇ ದಿನ ಬಂದವನು ಬಾಯಿಯನ್ನೇ ತೆರೆಯಲಿಲ್ಲ. ಈಗ ಹಾಡುತ್ತಾನೆ. ನಾನು ಪಕ್ಕದಲ್ಲಿ ನಿಂತ ದಿನ ಮಾತ್ರ ಧ್ವನಿ ತಗ್ಗಿಸುತ್ತಾನೆ.