ಗಾಡಿಯ ಅಂಚುಪಟ್ಟಿ ಬದಲಿಸುವ ಬಗೆ

ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಗಳು ನಮ್ಮಲ್ಲಿ ವಿರಳ. ಆದರೆ ಮರದ ಚೌಕಟ್ಟಿಗೆ ತಗಡು ಹೊದಿಸಿದ ಯಾವ ಗಾಡಿಗೂ, ಸಂಚಾರಿ ಪುಸ್ತಕಾಲಯದ ವ್ಯಾನಿಗೂ, ಈ ಪಾಠ ಸಲ್ಲುತ್ತದೆ.

ಗೋಡೆಯ ತಗಡೂ ಮಾಡಿನ ತಗಡೂ ಕೂಡುವೆಡೆಯಲ್ಲಿ ಅಲ್ಯುಮಿನಿಯಂ ಪಟ್ಟಿಯೊಂದಿರುತ್ತದೆ. ಅದು ಅಂದಕ್ಕೆಂದು ಬಗೆಯುವವರೇ ಹೆಚ್ಚು. ನೀರನ್ನು ತಡೆಯುವುದು ಅದರಡಿಯ ಅಂಟು. ಪಟ್ಟಿ ಆ ಅಂಟನ್ನು ಒತ್ತಿ ಹಿಡಿಯುತ್ತದೆ. ಹೈದರಾಬಾದಿನ ಮೇ ತಿಂಗಳ ಬಿಸಿಲಿಗೆ ಅಂಟು ಒಣಗಿ ಬಿರಿಯುತ್ತದೆ. 6 ಮೀಟರಿನ ಪಟ್ಟಿಗೆ 30 ಡಿಗ್ರಿ ಕಾವು ಏರಿದರೆ ಅದು ಸುಮಾರು 4 ಮಿಲಿಮೀಟರು ಹಿಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ತಿರುಪುಗಳು ಸಡಿಲುತ್ತವೆ. ಆದಕಾರಣ ಮೃಗಶಿರೆ ಹುಟ್ಟುವ ಮೊದಲೇ, ನಾಂಪಲ್ಲಿಯಲ್ಲಿ ಮೀನಿನ ಮದ್ದು ಹಂಚುವ ದಿನದೊಳಗೆ, ನಾವು ಈ ಕೆಲಸ ಮುಗಿಸಬೇಕು.

ಹಳೆಯ ಪಟ್ಟಿ ಕಿತ್ತೊಡನೆ ಹೊಸದನ್ನು ಕೂರಿಸಬಾರದು. ಒಳಗಿನ ಮರವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ತುದಿ ಮೆತ್ತಗೆ ಒಳಹೊಕ್ಕರೆ ಮರ ಕೊಳೆತಿದೆಯೆಂದೇ ತಿಳಿಯತಕ್ಕದ್ದು. ಅದರಲ್ಲಿ ತಿರುಪು ನಿಲ್ಲದು. ಅಷ್ಟನ್ನು ಕತ್ತರಿಸಿ ಹೊಸ ಮರ ಜೋಡಿಸಬೇಕು. ಬರಿ ಒದ್ದೆಯಾಗಿದ್ದರೆ ಚೆನ್ನಾಗಿ ಒಣಗಿಸಿದರಾಯಿತು. ಅವಸರಪಟ್ಟು ಮುಚ್ಚಿದರೆ ಕೊಳೆತ ಒಳಗೊಳಗೇ ಹಬ್ಬಿ, ಮುಂದೊಂದು ದಿನ ಗೋಡೆಯೇ ಕಳಚೀತು!

ಬಳಿಕ ಹಳೆಯ ಅಂಟನ್ನು ಪೂರ್ತಿ ಕೆರೆದು, ಬ್ಯುಟೈಲ್ ರಬ್ಬರಿನ ಅಂಟುಪಟ್ಟಿಯನ್ನು ಎಲ್ಲೂ ತುಂಡಾಗದಂತೆ ಹಾಸಿ, ನಡುವಿನಿಂದ ತುದಿಗಳ ಕಡೆಗೆ ತಿರುಪು ಬಿಗಿಯುತ್ತ ಹೋಗಬೇಕು. ತಿರುಪುಗಳು ತುಕ್ಕು ಹಿಡಿಯದ ಉಕ್ಕಿನವೇ ಇರಲಿ. ರಾಣಿಗಂಜಿನ ಅಂಗಡಿಗಳಲ್ಲಿ ದೊರೆಯುತ್ತವೆ. ಅಂಚಿನಿಂದ ಹೊರಗೆ ಉಕ್ಕಿದ ಅಂಟನ್ನು ಎರಡು ದಿನ ಬಿಟ್ಟು ಕತ್ತರಿಸಿದರೆ ಸಾಕು.